ಯೆಜ್ಡಿ ಹತ್ತಿ ನೆಂಟರ ಮನೆಗೆ

ಮದುವೆ ಊಟದಲ್ಲಿ ಪಕ್ಕದ ಎಲೆಯವರನ್ನು ಮಾತಾಡಿಸಬಾರದು ಅಂತ ನನ್ನ ಹೆಂಡತಿ ಈಗ ಕಾನೂನು ಮಾಡಿದ್ದಾಳೆ. ಕಾರಣ ಇದೆ. ಬೆಂಗಳೂರಿನ ಒಂದು ಮದುವೆಯಲ್ಲಿ, ಕೋಸಂಬರಿ ಆಗಿ ಪಲ್ಯ ಬರುವ ಹೊತ್ತಿಗೆ, ಪಕ್ಕದವರು "ನಿಮ್ಮದು ಯಾವೂರಾಯ್ತು?" ಅಂದರು. ಹೇಳಿದೆ. ಸಾರು ಬರುವಷ್ಟರಲ್ಲಿ ನಮ್ಮಜ್ಜನ ಹೆಸರು ಹೊರಗೆ ಬಿತ್ತು. ಪಾಯಸದ ಹೊತ್ತಿಗೆ ಅವರ ಅಜ್ಜಿ ನಮ್ಮಜ್ಜನ ಒಡಹುಟ್ಟಿದ ಅಕ್ಕ ಅಂತ ಗೊತ್ತಾಯಿತು. ಮಜ್ಜಿಗೆಗೆ ಮುಂಚೆ ಅವರು ನನಗೆ ಭಾವ, ನಾನು ಅವರಿಗೆ ಭಾವ.

ಆ ಅಜ್ಜಿಯನ್ನು ಶರಾವತಿ ದಂಡೆಯ ಒಂದು ಹಳ್ಳಿಗೆ ಕೊಟ್ಟಿದ್ದರಂತೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಿತು, ಊರು ಹೋಯಿತು, ಊರಿನ ಜೊತೆ ವಿಳಾಸವೂ ಹೋಯಿತು. ಮುಳುಗಿದ ಊರಿಗೆ ಕಾಗದ ಹಾಕಿದರೆ ಪೋಸ್ಟ್‌ಮ್ಯಾನ್ ಪಾಪ ಏನು ಮಾಡಬೇಕು, ಈಜಬೇಕಾ? ನಮ್ಮಜ್ಜ ಎರಡು ಕಾಗದ ಬರೆದು ಸುಮ್ಮನಾದರಂತೆ. ಆ ಕಡೆಯವರು ಗುಡ್ಡದ ಮೇಲೆ, ತುಮರಿ ಹತ್ತಿರ, ಹೊಸದಾಗಿ ಮನೆ ಕಟ್ಟಿಕೊಂಡಿದ್ದರು. ಆಮೇಲೆ 60 ವರ್ಷ ಇಬ್ಬರೂ 'ಬೇಕಾದರೆ ಅವರೇ ಬರಲಿ' ಅಂತ ಕೂತಿದ್ದರೋ ಏನೋ, ಯಾರಿಗೆ ಗೊತ್ತು.

"ಬನ್ನಿ ಭಾವ ಒಂದ್ಸಲ, ಅಪ್ಪ ಇನ್ನೂ ಗಟ್ಟಿ ಇದ್ದಾರೆ" ಅಂದರು. ನನ್ನ ತಲೆಯಲ್ಲಿ ಆಗಲೇ ಗಾಡಿ ಸ್ಟಾರ್ಟ್ ಆಗಿತ್ತು.

ನನ್ನ ಹತ್ತಿರ ಒಂದು ಹಳೇ ಯೆಜ್ಡಿ ಬೈಕ್ ಇದೆ. ಮೈಸೂರಿನ ಕಾರ್ಖಾನೆಯಲ್ಲಿ ಹುಟ್ಟಿದ್ದು. 1961ರಲ್ಲಿ ಶುರುವಾದ ಆ ಕಾರ್ಖಾನೆ 1996ಕ್ಕೆ ಬಾಗಿಲು ಹಾಕಿತು, ಇದು ಮಾತ್ರ ಇನ್ನೂ ಹೊಗೆ ಬಿಡುತ್ತಿದೆ. ಕಿಕ್ಕರ್ರೂ ಗೇರ್ ಲಿವರ್ರೂ ಒಂದೇ. ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್, ಮುಂದಕ್ಕೆ ಮಡಚಿದರೆ ಗೇರ್. ಪೆಟ್ರೋಲಿಗೆ ಆಯಿಲ್ ನಾವೇ ಬೆರೆಸಬೇಕು. ಇದರಲ್ಲಿ ದೂರ ಹೋಗಲು ಮನೆಯಲ್ಲಿ ನಾಲ್ಕು ವರ್ಷದಿಂದ ಪರ್ಮಿಶನ್ ಸಿಕ್ಕಿರಲಿಲ್ಲ. "ಅಜ್ಜನ ಅಕ್ಕನ ಮನೆ ಕಣೇ, ರಕ್ತಸಂಬಂಧ" ಅಂದೆ, ಗಂಟಲು ಕೂಡ ಸ್ವಲ್ಪ ಕಟ್ಟಿಸಿಕೊಂಡು. "ರಕ್ತಸಂಬಂಧ ಅಂದ್ರೆ ಬಸ್ಸಲ್ಲೂ ಹೋಗಬಹುದು" ಅಂದಳು. ಕೊನೆಗೆ ಒಪ್ಪಿದಳು, ಒಂದು ಷರತ್ತು ಹಾಕಿ: ಖಾಲಿ ಕೈಯಲ್ಲಿ ಹೋಗಬಾರದು. ಎರಡು ಕೆಜಿ ಮೈಸೂರು ಪಾಕ್, ಅತ್ತೆಗೊಂದು ಸೀರೆ. ಡಬ್ಬ ಸೈಡ್ ಬಾಕ್ಸಿನಲ್ಲಿ ಹಿಡಿಸಲಿಲ್ಲ. ಹಿಡಿಸಬೇಕು ಅಂತ ಪಾನಾಗಳ ಚೀಲ ತೆಗೆದು ಮನೆಯಲ್ಲೇ ಇಟ್ಟೆ. ಮುಂದಿನ ಎಲ್ಲ ಅನಾಹುತಕ್ಕೂ ಇದೇ ಮೂಲ.

ಅಕ್ಟೋಬರ್ ಮೊದಲ ವಾರ, ಮಳೆ ಮುಗಿಯಿತು ಅಂತ ನಂಬಿಕೊಂಡು ಬೆಳಿಗ್ಗೆ ಐದಕ್ಕೆ ಹೊರಟೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಆಯಿತು, ತಿಪಟೂರು, ಅರಸೀಕೆರೆ, ಕಡೂರು ಎಲ್ಲ ಹಾಯಾಗಿ ದಾಟಿದೆ. ತರೀಕೆರೆಯ ಬಂಕಿನಲ್ಲಿ ಪೆಟ್ರೋಲ್ ಹಾಕಿಸುವಾಗ ಆಯಿಲ್ ಲೆಕ್ಕ ತಪ್ಪಿತು. ನಾನು ಯಾವಾಗಲೂ ಲೀಟರಿಗೆ 40 ಮಿಲಿ ಹಾಕುವವನು. ಹಾಕಿದೆನೋ ಇಲ್ಲವೋ ಅಂತ ಅನುಮಾನ ಬಂತು. ಇಂಜಿನ್ ಜಾಮ್ ಆಗೋದಕ್ಕಿಂತ ಜಾಸ್ತಿ ಆಯಿಲ್ಲೇ ವಾಸಿ ಅಂತ ಇನ್ನೊಂದು ಸಲ ಸುರಿದೆ. ಮೊದಲೇ ಹಾಕಿದ್ದೆ ಅನ್ನೋದು ಕಿಸೆಯಲ್ಲಿದ್ದ ಖಾಲಿ ಪೌಚು ನೋಡಿದಾಗ ಗೊತ್ತಾಯಿತು, ಅಷ್ಟರಲ್ಲಿ ಭದ್ರಾವತಿ ಬಂದಿತ್ತು. ಆನಂದಪುರ ದಾಟುವಾಗ ನನ್ನ ಹಿಂದೆ ಬರುತ್ತಿದ್ದ ಬಸ್ಸು ಹೊಗೆಯಲ್ಲಿ ಕಾಣುತ್ತಲೇ ಇರಲಿಲ್ಲ, ಹಾರನ್ ಮಾತ್ರ ಕೇಳುತ್ತಿತ್ತು.

ಸಾಗರದಿಂದ ಆಚೆ ನನ್ನದೊಂದು ಹಳೇ ಆಸೆ ಇತ್ತು. ಗಾಡಿಯನ್ನು ಸಿಗಂದೂರು ಲಾಂಚಿಗೆ ಹತ್ತಿಸಿ, ಹಿನ್ನೀರಿನ ನಡುವೆ ನಿಂತು ಫೋಟೊ ತೆಗೆಸಿಕೊಳ್ಳುವುದು. ಆದರೆ 2025ರ ಜುಲೈಯಲ್ಲೇ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಶುರುವಾಗಿತ್ತು. ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದ, ಕೇಬಲ್ಲಿನಲ್ಲಿ ತೂಗುಹಾಕಿದ ಸೇತುವೆ. ಊರವರಿಗೆ 60 ವರ್ಷದ ಪಾಡು ತಪ್ಪಿತು, ನನಗೆ ಫೋಟೊ ತಪ್ಪಿತು. ಇಂಥ ಯೋಚನೆ ಮಾಡಿದ್ದಕ್ಕೇ ಇರಬೇಕು, ಸರಿಯಾಗಿ ಸೇತುವೆ ನಡುವೆ ಗಾಡಿ ಎರಡು ಸಲ ಕೆಮ್ಮಿ ನಿಂತಿತು. ಪ್ಲಗ್ ಕಟ್ಟಿಕೊಂಡಿದೆ. ಬಿಚ್ಚಿ ಒರೆಸಿದರೆ ಐದು ನಿಮಿಷದ ಕೆಲಸ. ಪ್ಲಗ್ ಪಾನಾ ಬೆಂಗಳೂರಿನಲ್ಲಿದೆ. ನನ್ನ ಹತ್ತಿರ ಇರುವುದು ಮೈಸೂರು ಪಾಕ್.

ಅಷ್ಟಕ್ಕೇ ಮುಗಿಯಲಿಲ್ಲ. ಹಸ್ತ ಮಳೆ ಹಿಡಿಯಿತು. ತಳ್ಳತೊಡಗಿದೆ. ಸೇತುವೆ ನೋಡಲು ಬಂದ ಹುಡುಗರ ಗುಂಪೊಂದು ಅದೇ ಮಳೆಯಲ್ಲಿ ರೀಲ್ಸ್ ಮಾಡುತ್ತಿತ್ತು. ಕೈಹಾಕಲು ಬಂದರು ಅಂದುಕೊಂಡೆ. "ಅಂಕಲ್, ಸ್ವಲ್ಪ ಆ ಕಡೆ ತಳ್ಕೊಂಡು ಹೋಗ್ತೀರಾ, ಫ್ರೇಮಲ್ಲಿ ಬರ್ತಿದ್ದೀರಿ" ಅಂದರು.

ಭಾವ ಅಡಿಕೆ ಸಾಗಿಸುವ ಪಿಕಪ್ ತಂದು ನನ್ನನ್ನೂ ಗಾಡಿಯನ್ನೂ ಎತ್ತಿ ಹಾಕಿಕೊಂಡು ಹೋದರು. ಮನೆ ಮುಟ್ಟುವಾಗ ನಾಲ್ಕೂವರೆ. ಯಾರೂ ಊಟ ಮಾಡಿರಲಿಲ್ಲ. "ಆಸರಿಗೆ ಎಂತ ಬೇಕು?" ಅಂತ ಅತ್ತೆ ಕೇಳಿದಾಗ ನಾಚಿಕೆಯಾಗಿ ಏನೂ ಬೇಡ ಅಂದೆ, ಮಲೆನಾಡಲ್ಲಿ ಹಾಗಂದರೆ ಕಷಾಯ, ಮಜ್ಜಿಗೆ ಎರಡೂ ಬರುತ್ತವೆ. ಗತ್ತಿನಿಂದ ಮೈಸೂರು ಪಾಕಿನ ಡಬ್ಬ ಕೊಟ್ಟೆ. ಅತ್ತೆ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿ, "ಇದನ್ನು ಚಮಚದಲ್ಲಿ ತಿನ್ನುವುದಾ?" ಅಂದರು. ಮೈಸೂರಿನ ಗಾಡಿ 400 ಕಿಲೋಮೀಟರ್ ಅದುರಿ ಮೈಸೂರು ಪಾಕನ್ನು ನುಣ್ಣಗೆ ರವೆ ಮಾಡಿತ್ತು. ಮಕ್ಕಳು ಅದಕ್ಕೆ ಹಾಲು ಹಾಕಿಕೊಂಡು ತಿಂದರು, ಚೆನ್ನಾಗಿದೆ ಅಂದರು.

ಮಾವನವರಿಗೆ 76. ನನ್ನನ್ನು ಮೇಲಿಂದ ಕೆಳಗೆ ನೋಡಿ "ಮೂಗು ನಮ್ಮ ಅಬ್ಬೆಯದೇ" ಅಂದರು, ಅಲ್ಲಿಗೆ 60 ವರ್ಷದ ಲೆಕ್ಕ ಚುಕ್ತಾ. ಆಮೇಲೆ ಅವರ ಕಣ್ಣು ಗಾಡಿ ಮೇಲೆ ಬಿತ್ತು, ನಾನು ಅಲ್ಲಿದ್ದೇನೆ ಅನ್ನುವುದೇ ಮರೆತುಹೋಯಿತು. ಅವರ ಹತ್ತಿರ ಒಂದು ಕಾಲದಲ್ಲಿ ಜಾವಾ ಇತ್ತಂತೆ, ಲಾಂಚಿನಲ್ಲಿ ಅದನ್ನು ಎಷ್ಟು ಸಲ ದಾಟಿಸಿದ್ದರೋ ಲೆಕ್ಕವಿಲ್ಲ. ಭಾವನ ಪಿಕಪ್ಪಿನಿಂದ ಪಾನಾ ತರಿಸಿ ತಾವೇ ಪ್ಲಗ್ ಬಿಚ್ಚಿದರು. ಮೂಸಿ ನೋಡಿ "ಆಯಿಲ್ ಜಾಸ್ತಿ ಹಾಕಿದ್ದೀಯ" ಅಂದರು, ಡಾಕ್ಟರು ನಾಲಿಗೆ ನೋಡಿ ಹೇಳುವ ಹಾಗೆ. ಕವಳದ ಚೀಲದಿಂದ ಅಡಕತ್ತರಿ ತೆಗೆದು ಅದರ ತುದಿಯಲ್ಲಿ ಮಸಿ ಕೆರೆದರು, ಪಂಚೆ ಅಂಚಿನಿಂದ ಒರೆಸಿದರು. ಅದೇ ಅಡಕತ್ತರಿಯಲ್ಲಿ ಅಡಿಕೆ ಹೋಳು ಮಾಡಿ ಕವಳ ಹಾಕಿದರು. ಒಂದೇ ಕಿಕ್ಕಿಗೆ ಸ್ಟಾರ್ಟ್.

ಮರುದಿನ ಬೆಳಿಗ್ಗೆ ನೀರುದೋಸೆ ತಿನ್ನುತ್ತಿದ್ದೆ. ಮಾವ ಬಂದು ಮೆಲ್ಲಗೆ "ಚಾವಿ ಕೊಡು ಮಾರಾಯ, ಅಂಗಳದಲ್ಲೇ ಒಂದು ಸುತ್ತು" ಅಂದರು. ಕೊಟ್ಟೆ. ಹೊಸ ನೆಂಟ, ಇಲ್ಲ ಅನ್ನೋಕೆ ಆಗುತ್ತಾ? ಸದ್ದು ಅಂಗಳದಿಂದ ತೋಟಕ್ಕೆ, ತೋಟದಿಂದ ರಸ್ತೆಗೆ ಹೋಗಿ ಆಮೇಲೆ ಕೇಳಿಸಲೇ ಇಲ್ಲ. ಅತ್ತೆ ದೋಸೆ ಕಾವಲಿ ಬಿಟ್ಟು ಹೊರಗೆ ಬಂದರು. "ಅವರಿಗೆ ಡಾಕ್ಟ್ರು ಸೈಕಲ್ಲೂ ಮುಟ್ಟಬೇಡಿ ಅಂದಿದ್ದಾರೆ. ಚಾವಿ ಕೊಟ್ಟಿದ್ದು ಯಾರು?" ಎಲ್ಲರೂ ನನ್ನನ್ನೇ ನೋಡಿದರು. ಇದ್ದ ಒಂದು ದೋಸೆಯನ್ನು ನುಂಗಲೋ ಬಿಡಲೋ ಗೊತ್ತಾಗಲಿಲ್ಲ.

ಎರಡು ಗಂಟೆ ಹುಡುಕಿದ ಮೇಲೆ ಸಿಕ್ಕಿದ್ದು ಸೇತುವೆಯ ಆ ತುದಿಯಲ್ಲಿ, ಚಹಾದಂಗಡಿಯ ಬೆಂಚಿನ ಮೇಲೆ. ಪೆಟ್ರೋಲ್ ಖಾಲಿ. ರಿಸರ್ವ್ ಕೆಲಸ ಮಾಡಲ್ಲ ಅಂತ ನಾನು ಹೇಳಿರಲಿಲ್ಲ. ಸುತ್ತ ಹತ್ತು ಜನ ನಿಂತಿದ್ದರು, ಮಾವ ಕಿಕ್ಕರ್ ಹೇಗೆ ಗೇರ್ ಆಗುತ್ತೆ ಅಂತ ಮಡಚಿ ತೋರಿಸುತ್ತಿದ್ದರು. "ಲಾಂಚಿಗೆ ಕಾಯದೆ ಒಂದ್ಸಲ ದಾಟಬೇಕಿತ್ತು" ಅಂದರು ನನಗೆ. ವಾಪಸ್ ಬರುವಾಗ ಸೇತುವೆ ಮೇಲೆ ಪಿಕಪ್ ನಿಲ್ಲಿಸಲು ಹೇಳಿ ನೀರಿನ ಕಡೆ ಕೈ ತೋರಿಸಿದರು. "ಆ ನಡುಗಡ್ಡೆ ಕಾಣ್ತದಲ್ಲ, ಅದರ ಈಚೆ, ಅಲ್ಲೆಲ್ಲೋ ನಮ್ಮ ಕೊಟ್ಟಿಗೆ." ನಾನು ನೋಡಿದೆ. ಬರೀ ನೀರು.

ಹೊರಡುವಾಗ ಭಾವ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಕಟ್ಟಿಕೊಟ್ಟರು. ಅದು ಅರಸೀಕೆರೆಯವರೆಗೆ ಬಂತು. ಮಿಕ್ಕಿದ್ದು ನನ್ನ ಪ್ಯಾಂಟಿನಲ್ಲಿ ಬಂತು. ಈಗ ಮಾವ ವಾರಕ್ಕೆರಡು ಸಲ ಫೋನ್ ಮಾಡಿ ಗಾಡಿ ಹೇಗಿದೆ ಅಂತ ಕೇಳುತ್ತಾರೆ. ಸಾಗರದಲ್ಲಿ ಯಾರೋ ಹಳೇ ಯೆಜ್ಡಿ ಮಾರುತ್ತಿದ್ದಾರಂತೆ, ನೋಡಿಕೊಂಡು ಬರೋಣ ಅಂತ ಭಾವನ ಬೆನ್ನು ಹತ್ತಿದ್ದಾರಂತೆ. ಅತ್ತೆ ಮಾತ್ರ ನನ್ನ ಫೋನ್ ಎತ್ತುತ್ತಿಲ್ಲ. ನಮ್ಮಜ್ಜನ ಸಂಬಂಧ ಮುರಿಯಲು ಒಂದು ಅಣೆಕಟ್ಟೇ ಬೇಕಾಯಿತು, ನನಗೆ ಒಂದು ಚಾವಿ ಸಾಕಾಯಿತು.