ತಳದ ಮಣ್ಣು ನೋಡಿ ಸಹಿ ಹಾಕಿದ ಇಂಜಿನಿಯರ್ ಯಾರು?

ನಾಲೆ ಆಧುನೀಕರಣ ಆದ ಮೇಲೂ ಕೊನೇ ಭಾಗದ ಗದ್ದೆಗೆ ನೀರು ಹತ್ತಲಿಲ್ಲ ಅಂದಾಗ ನಮ್ಮ ಮಂಡ್ಯದಲ್ಲಿ ಮೊದಲು ಏಳುವ ಪ್ರಶ್ನೆ, ಎಷ್ಟು ಕೋಟಿ ಖರ್ಚಾಯಿತು ಅಂತ. ಅದನ್ನೂ ಕೇಳೋಣ. ಆದರೆ ಅದಕ್ಕಿಂತ ಮುಖ್ಯವಾದದ್ದು ಒಂದಿದೆ. ಕಾಂಕ್ರೀಟ್ ಹಾಕುವ ಮುಂಚೆ ಆ ತಳದ ಮಣ್ಣನ್ನು ನೋಡಿ, ಅಳೆದು, 'ಹಾಕಬಹುದು' ಎಂದು ಸಹಿ ಮಾಡಿದ ಇಂಜಿನಿಯರ್ ಯಾರು? ಯಾವ ದಿನ, ಎಷ್ಟು ಹೊತ್ತಿಗೆ? ಈ ಮಾಹಿತಿ ಇದ್ದರೆ ಮಿಕ್ಕ ತನಿಖೆ ಸಲೀಸು. ಇಲ್ಲದಿದ್ದರೆ ಬಿಲ್ಲು ಎಷ್ಟು ಪುಟ ಇದ್ದರೂ ಪ್ರಯೋಜನ ಇಲ್ಲ.

ನಮ್ಮ ಪಾಲಿನ ನೀರು ಇಷ್ಟೇ ಎಂದು ತೀರ್ಮಾನವಾಗಿ ವರ್ಷಗಳಾದವು. ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಕಾವೇರಿಯಲ್ಲಿ ಕರ್ನಾಟಕಕ್ಕೆ 284.75 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ನಿಗದಿ ಮಾಡಿತು. ಕೆಆರ್‌ಎಸ್ 124.80 ಅಡಿ ತುಂಬಿದಾಗ ಅದರಲ್ಲಿ ನಿಲ್ಲುವುದು 49.45 ಟಿಎಂಸಿ. ನಾಲೆಯ ದಾರಿಯಲ್ಲಿ ಹಗಲು ರಾತ್ರಿ 100 ಕ್ಯೂಸೆಕ್, ಅಂದರೆ ಸೆಕೆಂಡಿಗೆ 100 ಘನ ಅಡಿ, ಸೋರುತ್ತಿದೆ ಎಂದಿಟ್ಟುಕೊಳ್ಳಿ. 116 ದಿನಕ್ಕೆ ಒಂದು ಟಿಎಂಸಿ ಹೋಯಿತು. ಒಂದು ಭತ್ತದ ಬೆಳೆ ಕೈಗೆ ಬರುವಷ್ಟು ಕಾಲ ಅದು. ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲ ದಿನ ಬಿಟ್ಟು ಕೆಲ ದಿನ ನಿಲ್ಲಿಸಿ, ನೀರು ಕೊಡುವ ವರ್ಷಗಳಲ್ಲಂತೂ ಈ ಸೋರಿಕೆಯೇ ಕೊನೇ ಭಾಗದವರ ಬೆಳೆಯನ್ನು ತೀರ್ಮಾನಿಸುತ್ತದೆ. ಹಾಗಾಗಿ ನಾಲೆ ಕೆಲಸದ ಮೇಲ್ವಿಚಾರಣೆಯನ್ನು ಕಚೇರಿಯ ಒಳಗಿನ ವಿಚಾರ ಅಂತ ನಾವು ಬಿಟ್ಟುಬಿಡಬಾರದು.

ಸಮಸ್ಯೆಯ ಬೇರು ಕ್ಯಾಲೆಂಡರಿನಲ್ಲಿದೆ. ನಾಲೆಗೆ ನೀರು ನಿಲ್ಲಿಸಿದ ಮೇಲೇ ಒಳಗೆ ಇಳಿಯಲು ಸಾಧ್ಯ. ನಿಲ್ಲಿಸಿದ ಮೇಲೆ ಒಣಗಬೇಕು, ಹೂಳು ಮತ್ತು ಜೊಂಡು ತೆಗೆಯಬೇಕು, ಮಣ್ಣು ಕೆತ್ತಿ ಹದ ಮಾಡಬೇಕು. ನಿಜವಾಗಿ ಕಾಂಕ್ರೀಟ್ ಹಾಕಲು ಸಿಗುವುದು ಬೇಸಿಗೆಯ ಕೆಲವೇ ವಾರ. ಮಳೆ ಬಂದು ಅಣೆಕಟ್ಟೆ ತುಂಬಲು ಶುರುವಾದರೆ ನೀರು ಬಿಡಿ ಎಂದು ಎಲ್ಲ ಕಡೆಯಿಂದಲೂ ಒತ್ತಡ, ಅದು ನ್ಯಾಯವಾದ ಒತ್ತಡವೇ. ಪರಿಣಾಮ ಏನೆಂದರೆ ಒಂದು ಉಪವಿಭಾಗದ ಎಲ್ಲ ಕಾಮಗಾರಿಗಳೂ ಅದೇ ವಾರಗಳಲ್ಲಿ ನಡೆಯುತ್ತವೆ. ಒಬ್ಬ ಸಹಾಯಕ ಇಂಜಿನಿಯರ್ ಕೈಯಲ್ಲಿ ನಾಲ್ಕಾರು ಕೆಲಸ ಇದ್ದರೆ, ಬೆಳಗ್ಗೆ ಆರು ಗಂಟೆಗೆ ಮೂರು ಕಡೆ ಮಿಕ್ಸರ್ ತಿರುಗುತ್ತಿರುತ್ತದೆ, ಆತ ಒಂದು ಕಡೆ ಮಾತ್ರ ಇರಬಲ್ಲ. ಅದರ ಮೇಲೆ ಪ್ರಗತಿ ಪರಿಶೀಲನಾ ಸಭೆ, ಶಾಸಕರ ಸಭೆ, ಆರ್‌ಟಿಐ ಉತ್ತರ. ಅವರ ಮೇಲಿನ ಎಇಇ (ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್) ಸಾಹೇಬರಿಗೂ ಇದೇ ಕಥೆ. ಉಳಿದ ಎರಡು ಕಡೆ ಮೇಸ್ತ್ರಿಯೇ ಇಂಜಿನಿಯರ್.

ಈಗ ಮಣ್ಣಿನ ವಿಚಾರ. ಲೈನಿಂಗ್, ಅಂದರೆ ನಾಲೆಯ ಒಳಮೈಗೆ ಹಾಕುವ ಕಾಂಕ್ರೀಟ್ ಹಾಸು, ಕೆಡುವುದು ಬಹುತೇಕ ಕೆಳಗಿನಿಂದ. ಜೆಸಿಬಿಯಲ್ಲಿ ಕೆತ್ತುವಾಗ ಬೇಕಾದ ಮಟ್ಟಕ್ಕಿಂತ ಹೆಚ್ಚು ಅಗೆದುಹೋಗುವುದು ಸಾಮಾನ್ಯ. ಆ ಗುಂಡಿಗೆ ಸಡಿಲ ಮಣ್ಣು ಎಳೆದು ಮೇಲೆ ಕಾಂಕ್ರೀಟ್ ಹಾಸಿದರೆ, ಮೊದಲ ಸಲ ನೀರು ಬಿಟ್ಟಾಗಲೇ ಮಣ್ಣು ಕುಸಿದು ಹಾಸಿನ ಕೆಳಗೆ ಪೊಳ್ಳಾಗುತ್ತದೆ. ಮುಂದಿನದು ಬಿರುಕು. ಸರಿಯಾದ ಕ್ರಮ ಅಂದರೆ ತೆಳು ಪದರಗಳಲ್ಲಿ ಮಣ್ಣು ಹಾಕಿ, ನೀರಿನ ಹದ ನೋಡಿ, ರೋಲರ್ ಅಥವಾ ದಮ್ಮಸಿನಿಂದ ಬಡಿದು, ಕೋರ್ ಕಟರ್‌ನಿಂದ (ಮಣ್ಣಿನ ಮಾದರಿ ತೆಗೆಯುವ ಉಕ್ಕಿನ ಕೊಳವೆ) ಸಾಂದ್ರತೆ ಪರೀಕ್ಷೆ ಮಾಡುವುದು. ಪ್ರಯೋಗಾಲಯದಲ್ಲಿ ಆ ಮಣ್ಣಿನ ಗರಿಷ್ಠ ಒಣ ಸಾಂದ್ರತೆ ಘನ ಸೆಂಟಿಮೀಟರಿಗೆ 1.80 ಗ್ರಾಂ ಬಂದಿದ್ದು, ಟೆಂಡರಿನಲ್ಲಿ ಶೇ 95 ಕೇಳಿದ್ದರೆ, ಸೈಟಿನಲ್ಲಿ 1.71 ಬರಲೇಬೇಕು. ಕೋರ್ ಕಟರ್ ಎಲ್ಲಿ ಇಳಿಸಬೇಕು ಅನ್ನುವುದನ್ನು ಗುತ್ತಿಗೆದಾರರ ಕಡೆಯವರು ತೋರಿಸಬಾರದು, ಇಂಜಿನಿಯರ್ ತೋರಿಸಬೇಕು. ಏರಿಯ ಅಂಚು, ಹಳೆ ಮಣ್ಣಿಗೆ ಹೊಸ ಮಣ್ಣು ಕೂಡುವ ಜಾಗ, ಸೇತುವೆಯ ಪಕ್ಕ, ಇಲ್ಲೇ ಬಡಿತ ಸರಿಯಾಗಿ ಬಿದ್ದಿರುವುದಿಲ್ಲ.

ಕಪ್ಪು ಮಣ್ಣು ಸಿಕ್ಕ ಕಡೆ ಇನ್ನೊಂದು ಎಚ್ಚರ. ಅದು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಸೀಳುತ್ತದೆ. ಅದನ್ನು ತೆಗೆದು, ಉಬ್ಬದ ಅಂಟು ಮಣ್ಣಿನ ಪದರ ಕೊಡದೆ ಮೇಲೆ ಎಷ್ಟೇ ಒಳ್ಳೆ ಕಾಂಕ್ರೀಟ್ ಹಾಕಿದರೂ ನಿಲ್ಲುವುದಿಲ್ಲ.

ಮಟ್ಟವೂ ಅಷ್ಟೇ ಮುಖ್ಯ. ನಾಲೆಯ ಇಳುಕಲು 5000ಕ್ಕೆ 1 ಇದ್ದರೆ ಒಂದು ಕಿಲೋಮೀಟರಿಗೆ ತಳ ಇಳಿಯುವುದು ಬರೀ 20 ಸೆಂಟಿಮೀಟರ್. ಅದರಲ್ಲಿ 5 ಸೆಂಟಿಮೀಟರ್ ತಪ್ಪಾದರೆ ಆ ಕಿಲೋಮೀಟರಿನ ಇಳುಕಲಿನಲ್ಲಿ ಕಾಲು ಭಾಗ ಹೋಯಿತು. ಕಣ್ಣಂದಾಜಿಗೆ ಇದು ಕಾಣುವುದೇ ಇಲ್ಲ. ಲೆವೆಲ್ ಉಪಕರಣ ಇಟ್ಟು, ಬೆಂಚ್‌ಮಾರ್ಕಿನಿಂದ (ಎತ್ತರ ಮೊದಲೇ ಗೊತ್ತಿರುವ ಗುರುತು) ಹೊರಟು ಮತ್ತೆ ಬೆಂಚ್‌ಮಾರ್ಕಿಗೇ ಬಂದು ಲೆಕ್ಕ ಮುಚ್ಚಿದರೆ ಮಾತ್ರ ಗೊತ್ತಾಗುತ್ತದೆ.

ನಮ್ಮ ಅಚ್ಚುಕಟ್ಟಿಗೇ ವಿಶೇಷವಾದ ಒಂದು ತೊಂದರೆ ಹೇಳಬೇಕು. ಎರಡೂ ಕಡೆ ಭತ್ತದ ಗದ್ದೆ ಇರುವ ನಾಲೆಯ ಪಕ್ಕದ ಮಣ್ಣು ಸದಾ ನೆನೆದಿರುತ್ತದೆ. ನಾಲೆ ತುಂಬಿರುವಾಗ ಒಳಗಿನ ನೀರು ಲೈನಿಂಗನ್ನು ಒತ್ತಿ ಹಿಡಿದಿರುತ್ತದೆ. ಒಮ್ಮೆಲೇ ನೀರು ನಿಲ್ಲಿಸಿದರೆ ಆ ಒತ್ತು ಹೋಗಿ, ಹಿಂಬದಿಯ ನೀರು ಹಾಸುಗಳನ್ನು ಒಳಕ್ಕೆ ತಳ್ಳುತ್ತದೆ. ಹೊಸ ಲೈನಿಂಗ್ ಒಂದೇ ವರ್ಷಕ್ಕೆ ಉಬ್ಬಿ ಮುರಿದದ್ದಕ್ಕೆ ಎಷ್ಟೋ ಕಡೆ ಇದೇ ಕಾರಣ. ಇದಕ್ಕಾಗಿಯೇ ಒತ್ತಡ ಇಳಿಸುವ ರಂಧ್ರ ಅಥವಾ ವಾಲ್ವ್, ಅದರ ಹಿಂದೆ ಮರಳು ಮತ್ತು ಜಲ್ಲಿಯ ಸೋಸು ಪದರ ಇಡುವುದು. ನಕ್ಷೆಯಲ್ಲಿ ಇದು ಇದ್ದೇ ಇರುತ್ತದೆ. ಸೈಟಿನಲ್ಲಿ ಆಗುವುದೇನು? ಕಾಂಕ್ರೀಟ್ ಹಾಕುವಾಗ ಸಿಮೆಂಟ್ ಹಾಲು ಒಳಗೆ ಇಳಿದು ಕಟ್ಟಿಕೊಳ್ಳುತ್ತದೆ, ಅಥವಾ ಸೋಸು ಪದರವೇ ಇರುವುದಿಲ್ಲ. ಮೇಲಿನಿಂದ ನೋಡಿದವರಿಗೆ ತೂತು ಕಾಣುತ್ತದೆ, ಎಣಿಸಿ ಬಿಲ್ಲು ಆಗುತ್ತದೆ. ಸೋಸು ಪದರವನ್ನು ಮುಚ್ಚುವ ಮುಂಚೆಯೇ ನೋಡಬೇಕು. ಹಾಕಿದ ಮೇಲೆ ಪ್ರತಿ ರಂಧ್ರಕ್ಕೂ ಕಡ್ಡಿ ಇಳಿಸಿ ಬಿಡಿಸಿಕೊಂಡಿದೆಯೇ ಎಂದು ಪರೀಕ್ಷಿಸಬೇಕು. ನಾಲೆ ನಿಲ್ಲಿಸುವಾಗ ಗೇಟನ್ನು ಹಂತ ಹಂತವಾಗಿ ಇಳಿಸುವುದು ನೀರು ನಿರ್ವಹಣೆ ನೋಡುವ ಇಂಜಿನಿಯರ್ ಜವಾಬ್ದಾರಿ. ಕಟ್ಟಿದವರು ಒಬ್ಬರು, ನೀರು ಬಿಡುವವರು ಇನ್ನೊಬ್ಬರು ಆಗಿರುವಾಗ ಈ ಸೂಚನೆ ಬರಹದಲ್ಲಿ ದಾಟಬೇಕು.

ಕಾಂಕ್ರೀಟಿನಲ್ಲಿ ದಪ್ಪ, ನೀರು, ಆರೈಕೆ, ಈ ಮೂರರ ಮೇಲೆ ಕಣ್ಣಿಡಬೇಕು. ಒಳಗಿನ ಸುತ್ತಳತೆ 8 ಮೀಟರ್ ಇರುವ ನಾಲೆಯಲ್ಲಿ ಒಂದು ಕಿಲೋಮೀಟರಿಗೆ 100 ಮಿಲಿಮೀಟರ್ ದಪ್ಪಕ್ಕೆ 800 ಘನ ಮೀಟರ್ ಕಾಂಕ್ರೀಟ್ ಬೇಕು. 85 ಮಿಲಿಮೀಟರ್ ಹಾಕಿದರೆ 680. ಘನ ಮೀಟರಿಗೆ 320 ಕಿಲೋ ಸಿಮೆಂಟ್ ಲೆಕ್ಕ ಹಿಡಿದರೆ 768 ಚೀಲ ಅಲ್ಲೇ ಉಳಿಯಿತು. 15 ಮಿಲಿಮೀಟರ್ ಅಂದರೆ ಒಂದೂವರೆ ಸೆಂಟಿಮೀಟರ್. ಹಸಿ ಇರುವಾಗಲೇ ಗುರುತು ಹಾಕಿದ ಕಬ್ಬಿಣದ ಕಡ್ಡಿ ಚುಚ್ಚಿ, ತಳ, ಇಳಿಜಾರಿನ ಮಧ್ಯ, ಮೇಲಂಚು ಮೂರೂ ಕಡೆ ನೋಡಿದರೆ ಇದು ಸಿಕ್ಕಿಬೀಳುತ್ತದೆ. ಮೇಲಂಚನ್ನು ಬಿಡಬೇಡಿ, ತೆಳುವಾಗುವುದು ಹೆಚ್ಚಾಗಿ ಅಲ್ಲೇ.

50 ಕಿಲೋ ಸಿಮೆಂಟ್ ಚೀಲಕ್ಕೆ, ನೀರು ಮತ್ತು ಸಿಮೆಂಟಿನ 0.5ರ ಅನುಪಾತದಲ್ಲಿ, 25 ಲೀಟರ್ ನೀರು. ಬಿಸಿಲಿಗೆ ಮಿಶ್ರಣ ಬಿಗಿಯಾಯಿತೆಂದು ಕೂಲಿಯವರು ಇನ್ನೈದು ಲೀಟರ್ ಸುರಿದರೆ ಅನುಪಾತ 0.6 ಆಯಿತು, ಬಲ ಕುಸಿಯಿತು, ಇಳಿಜಾರಿನಲ್ಲಿ ಕಾಂಕ್ರೀಟ್ ಕೆಳಕ್ಕೆ ಜಾರಿ ಮೇಲೆ ಜಲ್ಲಿ ಮಾತ್ರ ಉಳಿಯಿತು. ಎಂ-ಸ್ಯಾಂಡ್‌ನಲ್ಲಿ ದೂಳು ಜಾಸ್ತಿ ಇದ್ದರೆ ಅದು ಇನ್ನಷ್ಟು ನೀರು ಕೇಳುತ್ತದೆ, ಹಾಗಾಗಿ ಮರಳಿನ ಲೋಡು ಬಂದಾಗಲೇ ನೋಡಿ ವಾಪಸ್ ಕಳಿಸುವ ಅಧಿಕಾರ ಸೈಟಿನಲ್ಲಿರುವವರಿಗೆ ಇರಬೇಕು. ಜಾಯಿಂಟ್ ಗೀಟು ತಡವಾಗಿ ಹಾಕಿದರೆ ಕಾಂಕ್ರೀಟ್ ತನಗೆ ಬೇಕಾದ ಕಡೆ ತಾನೇ ಸೀಳುತ್ತದೆ. ಈಗಿನ ಪಿಪಿಸಿ (ಬೂದಿಯಂಥ ಪುಡಿ ಬೆರೆಸಿದ) ಸಿಮೆಂಟಿಗೆ ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಕನಿಷ್ಠ 10 ದಿನ ಕ್ಯೂರಿಂಗ್, ಅಂದರೆ ಹಸಿ ಇಟ್ಟು ಆರೈಕೆ, ಬೇಕು, 14 ದಿನ ಆದರೆ ಒಳ್ಳೆಯದು. ತಳದಲ್ಲಿ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಬಹುದು. ಇಳಿಜಾರಿನಲ್ಲಿ ನೀರು ನಿಲ್ಲದು, ಗೋಣಿತಾಟು ಹೊದಿಸಿ ದಿನವಿಡೀ ಹಸಿ ಇಡಬೇಕು. ಏಪ್ರಿಲ್ ಬಿಸಿಲಿನಲ್ಲಿ ಬೆಳಗ್ಗೆ ಒಂದು ಸಲ ಟ್ಯಾಂಕರ್ ಚಿಮುಕಿಸಿ ಹೋದರೆ ಅದು ಕ್ಯೂರಿಂಗ್ ಅನ್ನಿಸಿಕೊಳ್ಳುವುದಿಲ್ಲ.

ಕ್ಯೂಬ್ ಪರೀಕ್ಷೆಯ (ಕಾಂಕ್ರೀಟಿನ ಘನಾಕಾರದ ಅಚ್ಚನ್ನು ಒತ್ತಿ ಬಲ ನೋಡುವುದು) ವರದಿ ಚೆನ್ನಾಗಿದೆಯಲ್ಲ ಎಂದು ಕೇಳುತ್ತಾರೆ. ಕ್ಯೂಬಿಗೆ ಯಾವ ಮಿಶ್ರಣ ತೆಗೆದರು ಎಂಬುದು ಪ್ರಶ್ನೆ. ಐಎಸ್ 456 ಹೇಳುವಂತೆ 31ರಿಂದ 50 ಘನ ಮೀಟರಿಗೆ ನಾಲ್ಕು ಮಾದರಿ, ಆಮೇಲೆ ಪ್ರತಿ 50ಕ್ಕೆ ಇನ್ನೊಂದು, ಒಂದೊಂದಕ್ಕೂ ಮೂರು ಕ್ಯೂಬ್. ಆ ಮಾದರಿಯನ್ನು ಇಂಜಿನಿಯರ್ ತಾವೇ, ಮುಂಚೆ ಹೇಳದೆ, ಮಧ್ಯಾಹ್ನದ ಯಾವುದೋ ಬ್ಯಾಚಿನಿಂದ ತೆಗೆಸಿ, ಹಸಿ ಮೇಲೇ ಗುರುತು ಮತ್ತು ಸಹಿ ಗೀಚಬೇಕು. ಬೇರೆಯಾಗಿ ಕಲಸಿದ ಒಳ್ಳೆ ಮಿಶ್ರಣದ ಕ್ಯೂಬ್ ಪಾಸಾದರೆ ಪಾಸಾದದ್ದು ಕ್ಯೂಬ್ ಮಾತ್ರ.

ಎಂಬಿ ಪುಸ್ತಕದ, ಅಂದರೆ ಬಿಲ್ಲಿಗೆ ಆಧಾರವಾದ ಅಳತೆ ಪುಸ್ತಕದ, ನಿಯಮ ಇಲಾಖೆಯಲ್ಲಿ ಎಲ್ಲರಿಗೂ ಗೊತ್ತು: ಅಳತೆ ಸ್ಥಳದಲ್ಲೇ ಬರೆಯಬೇಕು, ಅಳಿಸಬಾರದು, ತಪ್ಪಿದ್ದರೆ ಗೆರೆ ಎಳೆದು ಸಹಿ ಮಾಡಬೇಕು, ಮುಚ್ಚಿಹೋಗುವ ಕೆಲಸವನ್ನು ಮುಚ್ಚುವ ಮುಂಚೆ ಅಳೆಯಬೇಕು. ಎಇಇ ಮಾಡುವ ಚೆಕ್ ಮೆಜರ್‌ಮೆಂಟ್ (ಮರು ಅಳತೆ) ಕೂಡ ಇದೇ ಮುಚ್ಚುವ ಕೆಲಸದ ಮೇಲೆ ನಡೆದರೆ ಅರ್ಥವಿದೆ. ಮುಗಿದ ನಾಲೆಯ ಉದ್ದವನ್ನು ಟೇಪು ಹಿಡಿದು ಅಳೆದರೆ ಯಾವ ತಪ್ಪೂ ಸಿಗುವುದಿಲ್ಲ, ಏಕೆಂದರೆ ಉದ್ದದಲ್ಲಿ ಯಾರೂ ಕದಿಯುವುದಿಲ್ಲ. ಥರ್ಡ್ ಪಾರ್ಟಿ ತಪಾಸಣೆಯವರೂ ಸಾಮಾನ್ಯವಾಗಿ ಬರುವುದು ಮೇಲ್ಮೈ ಆದ ಮೇಲೆ. ಅವರು ಬೇಡ ಎನ್ನುತ್ತಿಲ್ಲ, ಆದರೆ ಇಲಾಖೆಯ ಇಂಜಿನಿಯರ್ ಜಾಗಕ್ಕೆ ಅವರನ್ನು ಕೂರಿಸಲಾಗದು.

ಮೇಲ್ವಿಚಾರಣೆ ಅಂದರೆ ಲೈನಿಂಗ್ ಒಂದೇ ಅಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಸತ್ತರು. ನಾಲೆ ಏರಿ ಮೇಲೆ ಬಸ್ಸು ಓಡಾಡುತ್ತದೆ ಎಂದರೆ ತಿರುವಿನಲ್ಲಿ ತಡೆಗೋಡೆ, ಬಿದ್ದವರು ಹತ್ತಲು ಮೆಟ್ಟಿಲು, ರಾತ್ರಿ ಹೊಳೆಯುವ ಗುರುತು ಇವೆಲ್ಲ ನಾಲೆ ಕೆಲಸದ ಅಂದಾಜುಪಟ್ಟಿಯಲ್ಲೇ ಬರಬೇಕು. ರಸ್ತೆ ಇನ್ನೊಂದು ಇಲಾಖೆಯದು ಎಂಬ ಪತ್ರ ವ್ಯವಹಾರದಲ್ಲಿ ಇದು ನಿಲ್ಲಬಾರದು. ಹಾಗೆಯೇ ಗೇಟುಗಳು: 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. 2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆ ಮುಂಗಾರಿನ ಮುಂಚೆ ಮತ್ತು ಆಮೇಲೆ ತಪಾಸಣೆ ಕಡ್ಡಾಯ ಮಾಡಿದೆ. ಚೈನು, ಹಗ್ಗ, ಪಿನ್ನುಗಳನ್ನು ಹತ್ತಿರದಿಂದ ಮುಟ್ಟಿ ನೋಡಿ ಸವೆತ ಅಳೆದು ಬರೆಯುವ ತಪಾಸಣೆ ಆಗಬೇಕು.

ಆಗಬೇಕಾದ ಬದಲಾವಣೆಗಳು ದೊಡ್ಡವೇನಲ್ಲ. ನೀರು ನಿಲ್ಲಿಸಿದ ಅವಧಿಯಲ್ಲಿ ಕಾಂಕ್ರೀಟ್ ನಡೆಯುವ ಒಂದು ಕಾಮಗಾರಿಗೆ ಒಬ್ಬ ಇಂಜಿನಿಯರ್ ಪೂರ್ತಿ ಇರಲಿ, ನೀರಿರುವ ಉಪವಿಭಾಗಗಳಿಂದ ಆ ವಾರಗಳಿಗೆ ಎರವಲು ತರಲಿ. ಆ ಅವಧಿಯಲ್ಲಿ ವರ್ಗಾವಣೆ ಬೇಡ, ಬೆಳಗಿನ ಹೊತ್ತು ಸಭೆಗೆ ಕರೆಯುವುದೂ ಬೇಡ. ತಳದ ಮಣ್ಣು, ಸೋಸು ಪದರ, ಕಾಂಕ್ರೀಟಿನ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆಯ ಹೊದಿಕೆ, ಈ ಮೂರು ಹಂತದಲ್ಲಿ ಬರಹದ ಒಪ್ಪಿಗೆ ಇಲ್ಲದೆ ಮಿಕ್ಸರ್ ತಿರುಗಬಾರದು. ಆ ಒಪ್ಪಿಗೆ ಪತ್ರದ ಪ್ರತಿ, ಸರಪಳಿ ದೂರ (ನಾಲೆಯ ಆರಂಭದಿಂದ ಅಳೆದ ದೂರ) ಮತ್ತು ದಿನಾಂಕದೊಂದಿಗೆ, ನೀರು ಬಳಕೆದಾರರ ಸಹಕಾರ ಸಂಘಕ್ಕೂ ಹೋಗಲಿ. ಒಳ್ಳೆ ಇಂಜಿನಿಯರುಗಳಿಗೆ ಇದು ರಕ್ಷಣೆಯೂ ಹೌದು. ಕೆಲಸ ನಿಲ್ಲಿಸಿ ಎಂದವರಿಗೆ ಫೋನು ಬಂದಾಗ ತೋರಿಸಲು ಕಾಗದ ಇರುತ್ತದೆ.

ಕೊನೆಯದಾಗಿ, ಗುತ್ತಿಗೆದಾರರ ಭದ್ರತಾ ಠೇವಣಿ ವಾಪಸ್ ಕೊಡುವ ಮುಂಚೆ ನಾಲೆಯಲ್ಲಿ ವಿನ್ಯಾಸದಷ್ಟು ನೀರು ಹರಿಸಿ, ಮೇಲಿನ ಗೇಜ್ ಮತ್ತು ಕೊನೇ ಗೇಜ್ ಎರಡರ ಹರಿವನ್ನೂ ಒಂದೇ ದಿನ ಅಳೆಯಬೇಕು. ನಡುವಿನ ತೂಬುಗಳಿಗೆ ಹೋದದ್ದನ್ನು ಕಳೆದು ಉಳಿದ ವ್ಯತ್ಯಾಸ ಎಷ್ಟು ಎಂದು ಬರೆಯಬೇಕು. ಕೊನೇ ಭಾಗದ ರೈತರು ಆ ಅಳತೆಯ ಹೊತ್ತಿಗೆ ಅಲ್ಲಿರಬೇಕು, ಪುಸ್ತಕದಲ್ಲಿ ಅವರ ಸಹಿಯೂ ಬೀಳಬೇಕು.