ಓದು ಬಂದ ಮೇಲೆ ಸುತ್ತಿಗೆ ಯಾಕೆ ಕೆಳಗಿಟ್ಟೆವು?

ಸ್ಟುಟ್‌ಗಾರ್ಟಿನಲ್ಲಿ ನಾವು ಹಿಡಿದ ಮೊದಲ ಬಾಡಿಗೆ ಮನೆಯಲ್ಲಿ ಅಡುಗೆಮನೆ ಅಂತ ಒಂದು ಕೋಣೆ ಇತ್ತು, ಒಳಗೆ ಏನೂ ಇರಲಿಲ್ಲ. ಕಟ್ಟೆ ಇಲ್ಲ, ಸಿಂಕ್ ಇಲ್ಲ, ಒಲೆ ಇಲ್ಲ. ಗೋಡೆಯಲ್ಲಿ ಎರಡು ನಲ್ಲಿ, ನೀರು ಹೋಗುವ ಒಂದು ಪೈಪು, ಒಲೆಗೆ ಅಂತ ಒಂದು ದಪ್ಪ ವೈರು, ಅಷ್ಟೇ. ಬೇರೆ ಕೋಣೆಗಳಲ್ಲಿ ಬಲ್ಬಿನ ಹೋಲ್ಡರ್ ಕೂಡ ಇರಲಿಲ್ಲ, ಮೇಲಿನಿಂದ ಮೂರು ವೈರು ಇಳಿಬಿದ್ದಿದ್ದವು. ಜರ್ಮನಿಯಲ್ಲಿ ಇದು ಮಾಮೂಲು. ಎಷ್ಟೋ ಬಾಡಿಗೆ ಮನೆಗಳು ಹೀಗೇ ಸಿಗುತ್ತವೆ. ಹಿಂದಿನವರು ಹೋಗುವಾಗ ಕಪಾಟು, ಸಿಂಕು, ದೀಪ ಎಲ್ಲ ಬಿಚ್ಚಿಕೊಂಡು ಹೋಗಿರುತ್ತಾರೆ, ಹೊಸಬರು ತಮ್ಮದನ್ನು ತಂದು ಕೂರಿಸಿಕೊಳ್ಳಬೇಕು.

ನಾನು ಓದಿದ್ದು ಎಂಜಿನಿಯರಿಂಗ್. ಆದರೆ ಅವತ್ತಿನವರೆಗೆ ಗೋಡೆಗೆ ಒಂದು ತೂತು ಕೊರೆದಿರಲಿಲ್ಲ. ಬೆಂಗಳೂರಿನಲ್ಲಿದ್ದಾಗ ಒಂದು ಗಡಿಯಾರ ನೇತುಹಾಕಬೇಕಾದರೂ ಹತ್ತಿರದ ಎಲೆಕ್ಟ್ರಿಕಲ್ ಅಂಗಡಿಗೆ ಫೋನ್ ಮಾಡಿ ಯಾರನ್ನಾದರೂ ಕಳಿಸಿ ಅನ್ನುತ್ತಿದ್ದೆ. ಅರ್ಧ ಗಂಟೆಯಲ್ಲಿ ಯಾರೋ ಬರುತ್ತಿದ್ದರು, ಮುಗೀತು. ಇಲ್ಲಿ ವಿಚಾರಿಸಿದರೆ ಗಂಟೆಗೆ 60–70 ಯೂರೋ, ಅದರ ಮೇಲೆ 19% ತೆರಿಗೆ, ಬಂದುಹೋಗುವುದಕ್ಕೆ ಬೇರೆ ದುಡ್ಡು, ಅದೂ ಮೂರು ವಾರ ಬಿಟ್ಟು.

ಕೊನೆಗೆ ಸಹಾಯಕ್ಕೆ ಬಂದವರು ಮೇಲಿನ ಮನೆಯ ಹೆಂಗಸು. ಅವರು ಮಕ್ಕಳ ಡಾಕ್ಟರು, ಐವತ್ತು ದಾಟಿರಬಹುದು. ಸಂಜೆ ಆಸ್ಪತ್ರೆಯಿಂದ ಬಂದು, ಬಟ್ಟೆ ಬದಲಿಸಿ, ಡ್ರಿಲ್ಲಿನ ಪೆಟ್ಟಿಗೆ ಹಿಡಿದು ನಮ್ಮ ಬಾಗಿಲು ತಟ್ಟಿದರು. ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿದು ಸದ್ದು ಕೇಳಿದರು. ಅಂಟು ಇರುವ ಒಂದು ಸಣ್ಣ ಚೀಟಿಯನ್ನು ಮಡಚಿ ತೂತು ಬೀಳುವ ಜಾಗದ ಕೆಳಗೆ ಅಂಟಿಸಿದರು, ಪುಡಿಯೆಲ್ಲ ಅದರೊಳಗೇ ಬಿತ್ತು. ಎರಡು ತೂತು ಅವರು ಕೊರೆದರು, ಮೂರನೆಯದನ್ನು ನನ್ನ ಕೈಗೆ ಕೊಟ್ಟರು. ಆ ಮೂರನೆಯ ತೂತು ನನ್ನ ಬದುಕಿನಲ್ಲಿ ಒಂದು ದೊಡ್ಡ ವಿಷಯ ಅಂತ ಈಗ ಅನಿಸುತ್ತದೆ. ನಲವತ್ತರ ಹತ್ತಿರ ಬಂದಿದ್ದ ನನಗೆ ಯಾರೂ ಅಲ್ಲಿವರೆಗೆ ಡ್ರಿಲ್ ಕೊಟ್ಟು "ನೀನೇ ಮಾಡು" ಅಂದಿರಲಿಲ್ಲ.

ಹಾಗಂತ ನಾನು ಹುಟ್ಟಿದ ಮನೆಯಲ್ಲಿ ಉಪಕರಣ ಇರಲಿಲ್ಲವಾ ಅಂದರೆ ಬೇಕಾದಷ್ಟಿದ್ದವು. ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಅಟ್ಟದ ಮೆಟ್ಟಿಲಿನ ಕೆಳಗೆ ಒಂದು ಮರದ ಪೆಟ್ಟಿಗೆ ಇತ್ತು. ಅದರಲ್ಲಿ ಸುತ್ತಿಗೆ, ಉಳಿ, ಇಕ್ಕಳ, ಅರ, ಬೈರಿಗೆ, ಎರಡು ಸೈಜಿನ ಪೈಪ್ ರೆಂಚು, ಬಗ್ಗಿದ ಮೊಳೆಗಳ ಒಂದು ಡಬ್ಬಿ. ಬಗ್ಗಿದ ಮೊಳೆಯನ್ನು ಅಪ್ಪ ಎಸೆಯುತ್ತಿರಲಿಲ್ಲ, ಕಲ್ಲಿನ ಮೇಲಿಟ್ಟು ಬಡಿದು ನೆಟ್ಟಗೆ ಮಾಡುತ್ತಿದ್ದರು. ಪಂಪು ಕೆಟ್ಟರೆ ಅವರೇ ಬಿಚ್ಚುತ್ತಿದ್ದರು. ಪೈಪು ಸೋರಿದರೆ ಸೈಕಲ್ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿ ಎಳೆದೆಳೆದು ಸುತ್ತುತ್ತಿದ್ದರು. ತೋಟದ ನಡುವೆ ಪಿವಿಸಿ ಪೈಪು ಜೋಡಿಸಬೇಕು, ಕೈಯಲ್ಲಿ ಕಪ್ಲಿಂಗ್ ಇಲ್ಲ ಅಂದರೆ ಒಣ ಸೋಗೆಗೆ ಬೆಂಕಿ ಹಾಕಿ, ಪೈಪಿನ ತುದಿಯನ್ನು ಸುತ್ತ ತಿರುಗಿಸುತ್ತಾ ಕಾಯಿಸಿ, ಮೆತ್ತಗಾದ ತಕ್ಷಣ ಇನ್ನೊಂದು ಪೈಪನ್ನು ಅದರೊಳಗೆ ತಳ್ಳಿ ಬಾಯಿ ಅಗಲ ಮಾಡಿಬಿಡುತ್ತಿದ್ದರು. ಎಷ್ಟು ಕಾಯಿಸಬೇಕು ಅನ್ನುವುದು ಯಾವ ಪುಸ್ತಕದಲ್ಲೂ ಇಲ್ಲ. ಒಂದು ಕ್ಷಣ ಹೆಚ್ಚಾದರೆ ಪೈಪು ಕಂದುತ್ತದೆ, ಕಡಿಮೆಯಾದರೆ ಸೀಳುತ್ತದೆ. ಮಲೆನಾಡಿನ ಯಾವ ತೋಟಕ್ಕೆ ಹೋದರೂ ಇದನ್ನು ಕಣ್ಮುಚ್ಚಿ ಮಾಡುವವರು ಸಿಗುತ್ತಾರೆ.

ಹಾಗಿದ್ದರೆ ನನಗೆ ಯಾಕೆ ಬರಲಿಲ್ಲ? ನಾನು ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ನೋಡುತ್ತಿದ್ದರೆ ಯಾರಾದರೂ ಒಬ್ಬರು ಹೇಳೇ ಹೇಳುತ್ತಿದ್ದರು, "ಇಲ್ಲೇನು ಮಾಡ್ತೀಯಾ, ಹೋಗಿ ಓದ್ಕೋ." ಪ್ರೀತಿಯಿಂದಲೇ ಹೇಳಿದ ಮಾತು. ಅವರ ಲೆಕ್ಕದಲ್ಲಿ ಓದು ಅಂದರೆ ಈ ಕೆಲಸದಿಂದ ಬಿಡುಗಡೆ. ಮಗ ಎಂಜಿನಿಯರ್ ಆದರೆ ಪೈಪು ಕಾಯಿಸಬೇಕಾಗಿಲ್ಲ ಅಂತ. ನನ್ನ ಜೊತೆ ಹೈಸ್ಕೂಲಿನಲ್ಲಿದ್ದ ಹೆಚ್ಚಿನ ಹುಡುಗರದ್ದೂ ಇದೇ ಕತೆ. ಓದು ಒಂದೊಂದೇ ಮೆಟ್ಟಿಲು ಏರಿದ ಹಾಗೆ ಕೈಯಿಂದ ಒಂದೊಂದೇ ಉಪಕರಣ ಕೆಳಗಿಟ್ಟೆವು.

ಇಲ್ಲಿ ನೋಡಿದರೆ ಅದು ಉಲ್ಟಾ ಇದೆ, ನನಗೆ ಹೇಳಬೇಕಾಗಿರುವುದು ಇಷ್ಟೇ. ನನ್ನ ಮ್ಯಾನೇಜರ್ ಸೋಮವಾರ ಬಂದು ಬಚ್ಚಲುಮನೆಗೆ ತಾನೇ ಟೈಲ್ಸ್ ಹಾಕಿದ್ದನ್ನು ಫೋನಿನಲ್ಲಿ ತೋರಿಸುತ್ತಾರೆ. ಓದಿದವರ ಮನೆಯ ನೆಲಮಾಳಿಗೆಯಲ್ಲಿ ಒಂದು ಬೆಂಚು, ಅದಕ್ಕೊಂದು ವೈಸು, ಗೋಡೆಗೆ ಸಾಲಾಗಿ ನೇತುಹಾಕಿದ ಉಪಕರಣ ಇರುವುದು ತೀರಾ ಸಾಮಾನ್ಯ. ಶನಿವಾರ ಬೆಳಗ್ಗೆ ಬೌಮಾರ್ಕ್ಟ್‌ಗೆ, ಅಂದರೆ ಮೊಳೆಯಿಂದ ಹಿಡಿದು ಬಾಗಿಲಿನವರೆಗೆ ಎಲ್ಲ ಸಿಗುವ ದೊಡ್ಡ ಅಂಗಡಿಗೆ, ಹೋದರೆ ಮಕ್ಕಳನ್ನು ಕರೆದುಕೊಂಡು ಬಂದ ಅಪ್ಪ ಅಮ್ಮಂದಿರೇ ತುಂಬಿರುತ್ತಾರೆ. ಶನಿವಾರವೇ ಯಾಕೆ ಅಂದರೆ ಭಾನುವಾರ ಅಂಗಡಿ ಮುಚ್ಚಿರುತ್ತದೆ, ಮನೆಯಲ್ಲಿ ಡ್ರಿಲ್ ಹಾಕುವಂತೆಯೂ ಇಲ್ಲ. ಭಾನುವಾರ ಮತ್ತು ರಜೆಯ ದಿನ ಸದ್ದು ಮಾಡಬಾರದು ಅನ್ನುವುದು ಇಲ್ಲಿ ಗಟ್ಟಿ ನಿಯಮ. ನನಗೆ ಆ ನಿಯಮ ಇಷ್ಟ. ಅಪಾರ್ಟ್‌ಮೆಂಟಿನಲ್ಲಿ ಮಧ್ಯಾಹ್ನ ಮಗು ಮಲಗಿದಾಗ ಮೇಲಿನ ಮನೆಯಲ್ಲಿ ಕಟ್ಟರ್ ಶುರುವಾದರೆ ಹೇಗಿರುತ್ತದೆ ಅಂತ ಬೆಂಗಳೂರಿನಲ್ಲಿ ಇರುವವರಿಗೆ ಗೊತ್ತು.

ಈ ಊರಿಗೂ ಉಪಕರಣಕ್ಕೂ ಹಳೆಯ ನಂಟು. ಕೈಯಲ್ಲಿ ಹಿಡಿಯುವ ಮೊದಲ ಎಲೆಕ್ಟ್ರಿಕ್ ಡ್ರಿಲ್ ಹುಟ್ಟಿದ್ದು ಸ್ಟುಟ್‌ಗಾರ್ಟಿನಲ್ಲೇ, 1895ರಲ್ಲಿ, ಫೈನ್ ಅನ್ನುವ ಕಂಪನಿಯಲ್ಲಿ. ಬಾಷ್ ಶುರುವಾದದ್ದು 1886ರಲ್ಲಿ, ಅದೂ ಒಂದು ಸಣ್ಣ ವರ್ಕ್‌ಶಾಪಾಗಿ. ಮರ ಕೊಯ್ಯುವ ಮೆಷಿನ್ ಮಾಡುವ ಸ್ಟಿಲ್ ಕಂಪನಿ ಪಕ್ಕದ ವೈಬ್ಲಿಂಗೆನ್ ಊರಿನದು, ಡ್ರಿಲ್ಲಿನಂಥ ಉಪಕರಣ ಮಾಡುವ ಮೆಟಾಬೋ ನ್ಯೂರ್ಟಿಂಗೆನ್‌ನದ್ದು. ನಮ್ಮವರಿಗೆ ಬಾಷ್ ಹೊಸದಲ್ಲ. 1951ರಲ್ಲಿ ಶುರುವಾಗಿ ಬೆಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೈಕೋ ಅದೇ ಬಳಗದ್ದು, 2008ರಲ್ಲಿ ಹೆಸರು ಬದಲಾಗುವವರೆಗೆ ನಾವೆಲ್ಲ ಮೈಕೋ ಅಂತಲೇ ಕರೆದೆವು. ಇನ್ನೊಂದು ಹೆಸರು ಹೇಳಲೇಬೇಕು. ಗೋಡೆಗೆ ತೂತು ಕೊರೆದು ಒಳಗೆ ಹಾಕುವ ನೈಲಾನ್ ಪ್ಲಗ್ ಇದೆಯಲ್ಲ, ಸ್ಕ್ರೂ ಒಳಗೆ ಹೋದ ಹಾಗೆ ಹಿಗ್ಗಿ ಗೋಡೆಯನ್ನು ಕಚ್ಚಿಕೊಳ್ಳುತ್ತದೆ, ಅದನ್ನು 1958ರಲ್ಲಿ ಮಾಡಿದ್ದು ಆರ್ತುರ್ ಫಿಶರ್. ಬ್ಲ್ಯಾಕ್ ಫಾರೆಸ್ಟ್ ಕಡೆಯ ಹಳ್ಳಿಯವರು, ದರ್ಜಿಯ ಮಗ, ಕಲಿತದ್ದು ಕಬ್ಬಿಣದ ಕೆಲಸ. ಅಂಥವರ ಹೆಸರನ್ನು ಇಲ್ಲಿ ದೊಡ್ಡ ವಿಜ್ಞಾನಿಗಳ ಹೆಸರು ಹೇಳುವ ಗೌರವದಲ್ಲೇ ಹೇಳುತ್ತಾರೆ.

ಇದನ್ನೆಲ್ಲ ಊರಿನ ಗೆಳೆಯರಿಗೆ ಹೇಳಿದಾಗ ಬರುವ ಉತ್ತರ ಒಂದೇ: "ಅಲ್ಲಿ ಕೂಲಿ ಜಾಸ್ತಿ, ಅದಕ್ಕೆ ಅವರೇ ಮಾಡ್ಕೊಳ್ತಾರೆ." ನಿಜ, ಅರ್ಧ ನಿಜ. ನಾನೂ ಶುರು ಮಾಡಿದ್ದು ಕೂಲಿ ಕೇಳಿ ಹೆದರಿಯೇ. ಆದರೆ ಆ ಡಾಕ್ಟರಮ್ಮನಿಗೆ ಕೂಲಿ ಕೊಡಲು ದುಡ್ಡಿಲ್ಲವಾ? ಇದೆ. ಅವರಿಗೆ ಅದು ಕೀಳು ಕೆಲಸ ಅನಿಸಿಲ್ಲ, ಅಷ್ಟೇ. ಇಲ್ಲಿ ಬಡಗಿ ಆಗಬೇಕಾದರೆ ಮೂರು ವರ್ಷ ಕಲಿಯಬೇಕು, ವಾರದಲ್ಲಿ ಕೆಲವು ದಿನ ಕೆಲಸದ ಜಾಗದಲ್ಲಿ, ಉಳಿದ ದಿನ ಶಾಲೆಯಲ್ಲಿ, ಕಲಿಯುವಾಗಲೇ ಸಂಬಳ. ಆಮೇಲೆ ಮೈಸ್ಟರ್, ಅಂದರೆ ಆ ಕಸುಬಿನಲ್ಲಿ ಪಳಗಿದ ಗುರು ಅನಿಸಿಕೊಳ್ಳುವ ಪರೀಕ್ಷೆ. ಅದು ಪಾಸಾದರೆ ದೇಶದ ಅರ್ಹತೆಯ ಪಟ್ಟಿಯಲ್ಲಿ ಡಿಗ್ರಿ ಮಾಡಿದವರ ಸಮಕ್ಕೆ ನಿಲ್ಲುತ್ತಾರೆ. ಕೆಲಸ ಮಾಡುವವರಿಗೆ ಮರ್ಯಾದೆ ಇರುವ ಕಡೆ ಆ ಕೆಲಸವನ್ನು ಹವ್ಯಾಸವಾಗಿ ಹಿಡಿಯಲು ಬೇರೆಯವರಿಗೂ ನಾಚಿಕೆ ಆಗುವುದಿಲ್ಲ. ನಮ್ಮಲ್ಲಿ ಮರ, ಕಬ್ಬಿಣ, ಚರ್ಮ, ಮಣ್ಣು ಒಂದೊಂದಕ್ಕೂ ಒಂದೊಂದು ಜಾತಿ ಅಂತ ಮಾಡಿಟ್ಟು, ಉಳಿದವರು ಮುಟ್ಟಿದರೆ ಇವನಿಗ್ಯಾಕೆ ಇದೆಲ್ಲ ಅಂತ ಕೇಳಿದೆವು. ಆ ಪ್ರಶ್ನೆಯನ್ನು ನಾನೇ ಕೇಳಿಸಿಕೊಂಡಿದ್ದೇನೆ. ಕೂಲಿ ಅಗ್ಗ ಅನ್ನುವುದು ಅದರ ಇನ್ನೊಂದು ಮುಖ, ಅಲ್ವಾ? ಅಗ್ಗ ಇರುವುದಕ್ಕೆ ಕಾರಣವೇ ನಾವು ಅದಕ್ಕೆ ಬೆಲೆ ಕಟ್ಟದೆ ಇರುವುದು.

ಇಲ್ಲಿಯದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ಇಲ್ಲಿನ ಅಂಗಡಿಯಲ್ಲಿ ಸಿಗುವ ಹಲಗೆ ಹೆಚ್ಚಿನವು ಮರದ ಹೊಟ್ಟನ್ನು ಅಂಟು ಹಾಕಿ ಒತ್ತಿದ್ದು, ನೀರು ಕುಡಿದರೆ ಉಬ್ಬುತ್ತದೆ. ಹೋದ ವರ್ಷ ರಜೆಗೆ ಊರಿಗೆ ಬಂದಾಗ ಅಮ್ಮನ ಅಡುಗೆಮನೆಗೆ ಒಂದು ಹಲಗೆ ಹಾಕಬೇಕಿತ್ತು. ನಮ್ಮ ಮನೆಗೆ ಮೊದಲಿನಿಂದ ಬರುವ ಆಚಾರ್ರನ್ನು ಕರೆದು, ನಾನೂ ನಿಮ್ಮ ಜೊತೆ ಮಾಡುತ್ತೇನೆ ಅಂದೆ. ಅವರು ಮುಖ ನೋಡಿದರು, ಆಮೇಲೆ ಉಜ್ಜುಗೊರಡು ಕೈಗೆ ಕೊಟ್ಟರು. ಕೊಟ್ಟಿಗೆಯ ಅಟ್ಟದಲ್ಲಿದ್ದ ಹಲಸಿನ ಹಲಗೆ, ಎಷ್ಟೋ ವರ್ಷ ಒಣಗಿದ್ದು. ಗೋಡೆ ಹಳೆಯದು, ಎಲ್ಲೂ ನೇರ ಇಲ್ಲ. ಅವರು ಹಲಗೆಯನ್ನು ಗೋಡೆಗೆ ತಾಗಿಸಿ ಹಿಡಿದು, ಒಂದು ಸಣ್ಣ ಕಡ್ಡಿಯ ತುಂಡಿಗೆ ಪೆನ್ಸಿಲ್ ಒತ್ತಿಕೊಂಡು, ಗೋಡೆಯ ಮೇಲೆ ಕಡ್ಡಿಯನ್ನು ಎಳೆಯುತ್ತಾ ಹೋದರು. ಗೋಡೆಯ ಉಬ್ಬು ತಗ್ಗೆಲ್ಲ ಹಾಗೇ ಹಲಗೆಯ ಮೇಲೆ ಗೆರೆಯಾಗಿ ಬಂತು. ಆ ಗೆರೆಯವರೆಗೆ ಕೆತ್ತಿ ಕೂರಿಸಿದರೆ ನಡುವೆ ಒಂದು ಕಾಗದ ತೂರಿಸಲು ಜಾಗ ಇಲ್ಲ. ಇದೇ ಯುಕ್ತಿಯನ್ನು ನಾನು ಇಲ್ಲಿ ದುಡ್ಡು ಕೊಟ್ಟು ಸೇರಿದ ಸಂಜೆ ತರಗತಿಯಲ್ಲಿ ಕಲಿತಿದ್ದೆ. ಆಚಾರ್ರು ಅದನ್ನು ಹನ್ನೆರಡನೇ ವಯಸ್ಸಿನಲ್ಲಿ ತಮ್ಮಪ್ಪನಿಂದ ಕಲಿತದ್ದಂತೆ. ಅವರ ಮಗ ಈಗ ಬೆಂಗಳೂರಿನಲ್ಲಿ ಡೆಲಿವರಿ ಕೆಲಸಕ್ಕಿದ್ದಾನೆ. ಅದನ್ನು ಹೇಳುವಾಗ ಅವರು ಉಳಿಯನ್ನು ಸಾಣೆಕಲ್ಲಿನ ಮೇಲೆ ಉಜ್ಜುತ್ತಲೇ ಇದ್ದರು, ತಲೆ ಎತ್ತಲಿಲ್ಲ.

ಹಾಗಾಗಿ ಈಗ ಯಾರಾದರೂ ಏನು ಕೊಳ್ಳಲಿ ಅಂತ ಕೇಳಿದರೆ ನಾನು ಮೊದಲು ಹೇಳುವುದು, ಒಂದು ದಿನ ನಿಮ್ಮೂರಿನ ಆಚಾರ್ರ ಪಕ್ಕ ಕೂತು ನೋಡಿ, ಅವರ ಸಮಯಕ್ಕೆ ದುಡ್ಡು ಕೊಡಿ. ಉಪಕರಣ ಆಮೇಲೆ. ಅಲ್ಲೂ ದೊಡ್ಡ ಸೆಟ್ ಬೇಡ. ನಮ್ಮ ಗೋಡೆ ಇಟ್ಟಿಗೆ ಅಥವಾ ಕಾಂಕ್ರೀಟ್ ಬ್ಲಾಕಿನದು, ಹಾಗಾಗಿ ಹ್ಯಾಮರ್ ಇರುವ, ಅಂದರೆ ತಿರುಗುತ್ತಲೇ ಕುಟ್ಟುವ ಡ್ರಿಲ್ ಬೇಕೇ ಬೇಕು. ಆದರೆ ಒಳಗೆ ಪೊಳ್ಳು ಇರುವ ಇಟ್ಟಿಗೆಯಾದರೆ ಹ್ಯಾಮರ್ ಬಂದ್ ಮಾಡಿ ಸುಮ್ನೆ ನಿಧಾನವಾಗಿ ಕೊರೆಯಬೇಕು, ಇಲ್ಲದಿದ್ದರೆ ಒಳಗಿನ ಗೋಡೆಗಳು ಮುರಿದು ಪ್ಲಗ್ ನಿಲ್ಲುವುದಿಲ್ಲ. 6 ಎಂಎಂ ಮತ್ತು 8 ಎಂಎಂ ಬಿಟ್, ಅದೇ ಸೈಜಿನ ಪ್ಲಗ್, ಹಲಗೆ ಓರೆಯಾಗಿದೆಯಾ ಅಂತ ಗಾಳಿಗುಳ್ಳೆಯಿಂದ ತೋರಿಸುವ ಒಂದು ರಸಮಟ್ಟ, ಮೂಲೆಮಟ್ಟ, ಟೇಪು, ಒಳ್ಳೆಯ ಗರಗಸ, ಎರಡು ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್. ಬೆಂಗಳೂರಿನವರಿಗೆ ಎಸ್‌ಪಿ ರಸ್ತೆಯಲ್ಲಿ ಒಂದು ಬೆಳಗ್ಗೆ ಸುತ್ತಿದರೆ ಎಲ್ಲ ಸಿಗುತ್ತದೆ. ಕಣ್ಣಿಗೆ ಕನ್ನಡಕ ಮರೆಯಬೇಡಿ, ಅದು ಬಿಟ್ಟು ಬೇರೆ ಯಾವುದರಲ್ಲಿ ಬೇಕಾದರೂ ಉಳಿತಾಯ ಮಾಡಿ.

ಒಂದು ವಿಷಯದಲ್ಲಿ ಮಾತ್ರ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ನಮ್ಮಲ್ಲಿ 4 ಇಂಚಿನ ಮಾರ್ಬಲ್ ಕಟ್ಟರಿಗೆ ಮರದ ಬ್ಲೇಡ್ ಹಾಕಿ, ಗಾರ್ಡ್ ಕಿತ್ತು, ಚಪ್ಪಲಿ ಕಾಲಲ್ಲಿ ಹಲಗೆ ಒತ್ತಿ ಹಿಡಿದು ಪ್ಲೈವುಡ್ ಕೊಯ್ಯುತ್ತಾರೆ. ಕಲ್ಲಿಗೆ ಮಾಡಿದ ಮೆಷಿನ್ ಅದು. ಬ್ಲೇಡು ಮರದಲ್ಲಿ ಸಿಕ್ಕಿಕೊಂಡರೆ ಮೆಷಿನ್ ಹಿಂದಕ್ಕೆ ಎಗರುತ್ತದೆ, ಎಗರುವುದು ಕೈ ಅಥವಾ ತೊಡೆಯ ಕಡೆಗೇ. ಹವ್ಯಾಸಕ್ಕೆ ಮಾಡುವವರು ಇದನ್ನು ನೋಡಿ ಕಲಿಯುತ್ತಿದ್ದಾರೆ. ದಯವಿಟ್ಟು ಬೇಡ. ಇಲ್ಲಿನ ಅಂಗಡಿಯಲ್ಲಿ ಅಳತೆ ಬರೆದುಕೊಟ್ಟರೆ ದೊಡ್ಡ ಮೆಷಿನ್ನಿನಲ್ಲಿ ಕತ್ತರಿಸಿ ಕೊಡುತ್ತಾರೆ. ನಮ್ಮ ಪ್ಲೈವುಡ್ ಅಂಗಡಿಗಳಲ್ಲೂ ಕೆಲವು ಕಡೆ ಇದು ಶುರುವಾಗಿದೆ. 8ಕ್ಕೆ 4 ಅಡಿಯ ಹಲಗೆಯನ್ನು ಹಾಗೇ ಮನೆಗೆ ಸಾಗಿಸುವ ಮೊದಲು ಒಮ್ಮೆ ಕೇಳಿ. ಎಲ್ಲರೂ ಕೇಳತೊಡಗಿದರೆ ಎಲ್ಲ ಅಂಗಡಿಗೂ ಬರುತ್ತದೆ.

ಕಳೆದ ತಿಂಗಳು ಅಕ್ಕನ ಮಗಳು ಬೆಂಗಳೂರಿನಿಂದ ವಿಡಿಯೋ ಕಾಲ್ ಮಾಡಿದಳು. ಪಿಯುಸಿ ಓದುತ್ತಿದ್ದಾಳೆ. ಅವಳ ಕೋಣೆಗೆ ಪುಸ್ತಕದ ಹಲಗೆ, ಡ್ರಿಲ್ ಪಕ್ಕದ ಮನೆಯಿಂದ ತಂದಿದ್ದಾಳೆ. ಹಿಂದಿನಿಂದ ಅಕ್ಕ "ಎಲೆಕ್ಟ್ರಿಷಿಯನ್ ಕರೆಸೋಣ ಕಣೋ, ಅವಳಿಗೆ ಪರೀಕ್ಷೆ ಇದೆ" ಅಂದಳು. ನಾನು "ಅಕ್ಕಾ, ಹತ್ತು ನಿಮಿಷದ ಕೆಲಸ, ಬಿಡು" ಅಂದೆ. ಗೋಡೆ ಬಡಿದು ಸದ್ದು ಕೇಳಿಸು ಅಂದೆ, ಗಟ್ಟಿ ಗೋಡೆ. ಅವಳು ಗುರುತು ಮಾಡಿದ್ದ ಜಾಗ ಸ್ವಿಚ್ ಬೋರ್ಡಿನ ನೇರ ಮೇಲಿತ್ತು. ಅಲ್ಲಿ ಬೇಡ, ಸೀಲಿಂಗಿನಿಂದ ವೈರು ಅಲ್ಲೇ ಇಳಿದಿರುತ್ತದೆ, ಒಂದು ಅಡಿ ಎಡಕ್ಕೆ ಹೋಗು ಅಂದೆ. ಚೀಟಿ ಮಡಚಿ ಅಂಟಿಸಿದಳು. ಮೊದಲ ತೂತು ಸ್ವಲ್ಪ ಜಾರಿತು, ಎರಡನೆಯದು ನೆಟ್ಟಗೆ ಬಂತು. ಪ್ಲಗ್ ಒಳಗೆ ಬಡಿದು, ಸ್ಕ್ರೂ ಬಿಗಿಮಾಡಿ, ಹಲಗೆಯ ಮೇಲೆ ರಸಮಟ್ಟ ಇಟ್ಟು ಕ್ಯಾಮೆರಾ ಹತ್ತಿರ ತಂದಳು. ಗುಳ್ಳೆ ಎರಡು ಗೆರೆಗಳ ನಡುವೆ ನಿಂತಿತ್ತು.

"ಮಾಮ, ಅಮ್ಮನ ಅಡುಗೆಮನೆ ಕಪಾಟಿನ ಬಾಗಿಲು ಜೋತುಬಿದ್ದಿದೆ, ಅದಕ್ಕೆ ಯಾವ ಸ್ಕ್ರೂಡ್ರೈವರ್ ಬೇಕು?" ಅಂತ ಕೇಳಿದಳು.