ಮೀಟಿಂಗ್‌ನಲ್ಲಿ ಹೂಂ, ಆಮೇಲೆ ಊಹೂಂ

ಮೀಟಿಂಗ್‌ನಲ್ಲಿ ಎಲ್ಲರೂ ತಲೆಯಾಡಿಸುತ್ತಾರೆ. ಎಂಜಿನಿಯರಿಂಗ್‌ನವರು ಸುಮ್ನೆ ಕೂತಿರುತ್ತಾರೆ. ಅದನ್ನೇ ಒಪ್ಪಿಗೆ ಅಂದುಕೊಂಡು ನಾನು ರೋಡ್‌ಮ್ಯಾಪ್, ಅಂದರೆ ಯಾವ ಕೆಲಸ ಯಾವಾಗ ಅನ್ನುವ ಪ್ಲ್ಯಾನ್, ಬರೆದು ಕಳಿಸುತ್ತೇನೆ. ಹತ್ತೇ ನಿಮಿಷಕ್ಕೆ ಮೆಸೇಜ್: ‘ಒಂದು ಸಣ್ಣ ಡೌಟು...’ ಆ ಸಣ್ಣ ಡೌಟು ಮೂರು ವಾರ ನುಂಗುತ್ತದೆ.

ಮೊನ್ನೆ ಆಗಿದ್ದೂ ಇದೇ. ಲಾಗಿನ್ ಪುಟದಿಂದ ಒಂದು ಬಟನ್ ತೆಗೆಯಬೇಕಿತ್ತು, ಅಷ್ಟೇ. ಲೀಗಲ್‌ನವರ ಮಾತು ಕೇಳಿದರೆ ಡಿಸೈನ್‌ನವರಿಗೆ ಬೇಸರ. ಅವರನ್ನು ಹೇಗೋ ಒಪ್ಪಿಸಿದರೆ, ‘ನಮ್ಮನ್ನು ಯಾಕೆ ಕೇಳಲಿಲ್ಲ’ ಅಂತ ಮಾರ್ಕೆಟಿಂಗ್‌ನವರು ಎದ್ದರು.

ವಿರೋಧ ಇದ್ದರೆ ನನಗೆ ಬೇಜಾರಿಲ್ಲ. ಎದುರಿಗೇ ಹೇಳಬಹುದು ಅಲ್ವಾ? ಹಾಗೆ ಯಾರೋ ಮುಖಕ್ಕೆ ‘ಬೇಡ’ ಅಂದಿದ್ದರಿಂದಲೇ ನನ್ನ ಎಷ್ಟೋ ಪ್ಲ್ಯಾನ್ ಸುಧಾರಿಸಿವೆ. ಒಳಗೆ ಬಾಯಿ ಮುಚ್ಚಿಕೊಂಡು ಕೂತು, ಬಾಗಿಲು ದಾಟಿದ ಮೇಲೆ ತಕರಾರು ತೆಗೆದರೆ ಮಾತ್ರ ನಿಜಕ್ಕೂ ನೋವಾಗುತ್ತದೆ.

ಆ ಬಟನ್ ಇನ್ನೂ ಅಲ್ಲೇ ಇದೆ.